ಸೈಕಲ್ ಚೈನು ಏಕೆ ಕಳಚುತ್ತದೆ?

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿತು. ಚೈನು ಕಳಚಿದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯ ವಿದ್ಯಾರ್ಥಿ ಸೈಕಲ್ ತಳ್ಳಿಕೊಂಡೇ ಶಾಲೆ ಸೇರಬೇಕು.

ಚೈನು ಎಳೆತದಿಂದ ಹಿಗ್ಗುವುದಿಲ್ಲ. ಎಣ್ಣೆಗೆ ಅಂಟಿದ ಧೂಳು ಅದರ ಪಿನ್ನುಗಳನ್ನು ಸವೆಸುತ್ತದೆ. ಒಂದೊಂದು ಕೊಂಡಿಯ ಅಲ್ಪ ಸವೆತವೂ ಕೂಡಿ ಚೈನು ಉದ್ದವಾಗಿ ಜೋತುಬೀಳುತ್ತದೆ. ಗೇರ್ ಸೈಕಲ್‌ನಲ್ಲಿ ಹಿಂಬದಿ ಡಿರೇಲರ್‌ನ ಸ್ಪ್ರಿಂಗ್ ಈ ಸಡಿಲವನ್ನು ಎಳೆದು ಹಿಡಿಯುತ್ತದೆ. ಗೇರಿಲ್ಲದ ಸೈಕಲ್‌ನಲ್ಲಿ ಆ ಕೆಲಸ ನಮ್ಮದು.

ಮೊದಲು ಅಳೆಯಿರಿ. ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ. ಹೊಸ ಚೈನಿನಲ್ಲಿ ಇಂಥ 24 ಅಂತರಗಳು ಸೇರಿ 304.8 ಮಿ.ಮೀ. ಇದು 308 ದಾಟಿದ್ದರೆ ಚೈನು ಬದಲಿಸಿ. ಇಲ್ಲದಿದ್ದರೆ ಹಿಂಚಕ್ರದ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ನೇರವಾಗಿ ಹಿಂದಕ್ಕೆಳೆದು ಬಿಗಿ ಮಾಡಿ. ಚೈನಿನ ನಡುಭಾಗ ಸುಮಾರು 1.5 ಸೆಂ.ಮೀ. ಆಡುವಂತಿರಲಿ, ತೀರಾ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಚಕ್ರ ಸರಿದಿರುವುದರಿಂದ ಬ್ರೇಕನ್ನೂ ಪರೀಕ್ಷಿಸಿಯೇ ಹೊರಡಿ.