ಹೈನದ ದನಗಳಿಗೆ ಸುಖಕರವಾದ ಕೊಟ್ಟಿಗೆ

ಸುರೇಬಾನ ಸೀಮೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಸ್ಥಳವೂ ಅದರಾಚೆ ಎತ್ತರದಲ್ಲಿ ಪಡಸಾಲೆಯೂ ಇರುವವು. ದನವೂ ಜನವೂ ಒಂದೇ ಮಾಳಿಗೆಯ ಕೆಳಗಿರುವ ಈ ಪದ್ಧತಿಯನ್ನು ಪೇಟೆಯವರು ಹಳಿಯುವುದುಂಟು. ಆದರೆ ಹಿರಿಯರು ಕಾರಣವಿಲ್ಲದೆ ಹೀಗೆ ಕಟ್ಟಲಿಲ್ಲ. ಕಳ್ಳರ ಭಯವಿತ್ತು, ಈಯುವ ಎಮ್ಮೆಯ ಮೇಲೆ ರಾತ್ರಿ ಕಣ್ಣಿಡಬೇಕಾಗಿತ್ತು, ದಪ್ಪ ಮಣ್ಣಿನ ಮಾಳಿಗೆಯು ಬೇಸಗೆಯ ಹಗಲಿನಲ್ಲಿ ತಂಪನ್ನು ಕೊಡುತ್ತಿತ್ತು. ಹಾಲು ಕಡಿಮೆಯಾಗುವುದು ದನಗಳು ಒಳಗಿರುವುದರಿಂದಲ್ಲ, ನೆಲವು ಹಸಿಯಾಗಿಯೂ ಗಾಳಿಯು ಕಟ್ಟಿಯೂ ಇರುವುದರಿಂದ. ಇವೆರಡನ್ನು ಸರಿಪಡಿಸಲು ಮನೆಯನ್ನು ಕೆಡವಬೇಕಾಗಿಲ್ಲ.

ಮೊದಲು ನೆಲದ ವಿಚಾರ. ದಿನವೂ ಸೆಗಣಿ ಬಳಿಯುವಾಗ ಸ್ವಲ್ಪ ಸ್ವಲ್ಪವಾಗಿ ಮಣ್ಣೂ ಎದ್ದುಹೋಗಿ, ಕೆಲವು ವರ್ಷಗಳಲ್ಲಿ ದನದ ಸ್ಥಳವು ಹೊಸ್ತಿಲಿಗಿಂತ ತಗ್ಗಾಗುತ್ತದೆ. ಆಗ ಮೂತ್ರವು ಹೊರಗೆ ಹರಿಯಲಾರದೆ ಅಲ್ಲಿಯೇ ಇಂಗುವುದು. ಹಸಿ ನೆಲದಲ್ಲಿ ಮಲಗಿದ ಎಮ್ಮೆಗೆ ಕೆಚ್ಚಲು ಬಾವು ಬರುವ ಸಂಭವ ಹೆಚ್ಚು. ಗೊರಸುಗಳೂ ಮೆತ್ತಗಾಗಿ ಕೆಡುತ್ತವೆ. ಕಾರಣ, ತಗ್ಗನ್ನು ಗರಸಿನಿಂದ ತುಂಬಿ ಚೆನ್ನಾಗಿ ಬಡಿದು, ಗೋದಲಿಯ ಕಡೆಯಿಂದ ಹಿಂದಕ್ಕೆ 10 ಫೂಟಿಗೆ 3 ಇಂಚಿನಂತೆ ಇಳಿಜಾರು ಕೊಡತಕ್ಕದ್ದು. ದನಗಳ ಹಿಂದೆ ಒಂದು ಫೂಟು ಅಗಲದ, 2-3 ಇಂಚು ಆಳದ ಕಾಲುವೆಯನ್ನು ಮಾಡಿ ಅದನ್ನು ಗೋಡೆಯಾಚೆಯ ಗುಂಡಿಗೆ ಕೂಡಿಸಬೇಕು. ಫರಸಿ ಹಾಸುವವರು ನುಣುಪಾದ ಕಲ್ಲನ್ನು ಬಳಸಬಾರದು. ಜಾರಿ ಬಿದ್ದ ಗಬ್ಬದ ಎಮ್ಮೆಯಿಂದಾಗುವ ನಷ್ಟವು ಫರಸಿಯ ಬೆಲೆಗಿಂತ ಬಹಳ ದೊಡ್ಡದು. ಕಲ್ಲು ಹಾಕಿಸಲು ಅನುಕೂಲವಿಲ್ಲದವರು ಒಣಗಿದ ಮಸಾರಿ ಮಣ್ಣನ್ನು ಹಾಸಿ, ತೊಯ್ದುದನ್ನು ಆಗಾಗ್ಗೆ ತೆಗೆದು ತಿಪ್ಪೆಗೆ ಸೇರಿಸಲಿ. ಹೀಗೆ ಮಾಡಿದರೆ ಮೂತ್ರದ ಸತ್ತ್ವವೂ ಹೊಲಕ್ಕೆ ಸೇರುವುದು. ಎರೆಮಣ್ಣು ಇದಕ್ಕೆ ಬಾರದು. ತೊಯ್ದರೆ ಅದು ಕೆಸರೇ ಸರಿ.

ನೆಲವು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ದನವೇ ತಿಳಿಸುವುದು. ಸುಖವಾಗಿರುವ ಆಕಳು ದಿನದಲ್ಲಿ ಸುಮಾರು 10-12 ತಾಸು ಮಲಗಿ ಕಾಲ ಕಳೆಯುತ್ತದೆ. ಮೆಲಕು ಹಾಕುವುದೂ ಬಹುಮಟ್ಟಿಗೆ ಆಗಲೇ. ಹೊಟ್ಟೆ ತುಂಬಿದ ಮೇಲೂ ಅದು ನಿಂತೇ ಇದ್ದರೆ ಮಾಲಕನು ಮೊದಲು ನೆಲವನ್ನೂ ಆಮೇಲೆ ಹಗ್ಗದ ಉದ್ದವನ್ನೂ ನೋಡಬೇಕು. ಮಲಗಿದಾಗ ಪಕ್ಕೆಯ ಕಡೆಗೆ ತಲೆ ತಿರುಗಿಸುವಷ್ಟಾದರೂ ಹಗ್ಗವಿರಬೇಕು.

ಗಾಳಿಯ ಪರೀಕ್ಷೆ ಇನ್ನೂ ಸುಲಭ. ಬೆಳಗಿನ ಜಾವ ಬಾಗಿಲು ತೆರೆದಾಗ ಕಣ್ಣು ಉರಿದರೆ ದನಗಳು ಇರುಳೆಲ್ಲ ಆ ಘಾಟನ್ನೇ ಉಸಿರಾಡಿವೆಯೆಂದು ತಿಳಿಯತಕ್ಕದ್ದು. ಮಾಳಿಗೆಯ ಬೆಳಕಿಂಡಿಯೊಂದರಿಂದಲೇ ಸಾಲದು. ಎದುರುಬದುರಾದ ಗೋಡೆಗಳಲ್ಲಿ, ಜಂತಿಗಳ ಕೆಳಗೆ, ಕಳ್ಳನು ನುಸುಳದಂತೆ ಸರಳು ಹಾಕಿದ ಕಿಂಡಿಗಳನ್ನಿಡಬೇಕು. ಬಿಸಿಗಾಳಿ ಮೇಲಿನಿಂದ ಹೊರಟುಹೋಗುವುದು, ಚಳಿಗಾಲದ ಗಾಳಿಯೂ ದನದ ಮೈಗೆ ನೇರವಾಗಿ ಬಡಿಯದು.

ಈಚೆಗೆ ಅನೇಕರು ಮಣ್ಣಿನ ಮಾಳಿಗೆಯನ್ನು ತೆಗೆದು ತಗಡು ಹೊದಿಸಿರುವರು. ಸೋರುವ ತೊಂದರೆ ತಪ್ಪಿತು, ನಿಜ. ಆದರೆ ವೈಶಾಖದ ಮಧ್ಯಾಹ್ನ ತಗಡಿನ ಕೆಳಗೆ ಮನುಷ್ಯನೇ ಕೂಡ್ರಲಾರನು. 2021ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಧಾರವಾಡಿ ಎಮ್ಮೆಯು ಈ ಸೀಮೆಗೆ ಹೊಂದಿದ ಪ್ರಾಣಿಯಾದರೂ, ಎಮ್ಮೆಯ ಕರಿಯ ಚರ್ಮವು ಬಿಸಿಲನ್ನು ಹೀರುತ್ತದೆ. ಬೆವರುವ ಶಕ್ತಿಯೂ ಆಕಳಿಗಿಂತ ಕಡಿಮೆ. ಸೆಕೆಯಾದಾಗ ಅದು ಮೇವು ಬಿಡುವುದು, ಹಾಲು ಇಳಿಯುವುದು, ಬೆದೆಯೂ ಮರೆಯಾಗುವುದು. ತಗಡಿನ ಮೇಲೆ ಜೋಳದ ಕಣಿಕೆಯನ್ನು ಹೊದಿಸಿ ಬಿಗಿದರೆ ತಾಪವು ಬಹಳಷ್ಟು ತಗ್ಗುತ್ತದೆ. ಆದರೆ ಒಲೆಯ ಹೊಗೆಕಿಂಡಿ, ವಿದ್ಯುತ್ ತಂತಿಗಳ ಸಮೀಪ ಕಣಿಕೆ ಕೂಡದು. ಬೇಸಗೆಯಲ್ಲಿ ಹಿಂಡುವ ಎಮ್ಮೆಗೆ ದಿನಕ್ಕೆ 60-70 ಲೀಟರು ನೀರು ಬೇಕಾಗಬಹುದು. ಎರಡು ಹೊತ್ತು ಹೊಳೆಗೆ ಹೊಡೆದರೆ ಸಾಕೆಂಬುದು ತಪ್ಪು. ನೀರು ಬಾಯಿಯ ಬಳಿಯಲ್ಲಿರತಕ್ಕದ್ದು.

ಹೊಸದಾಗಿ ಕಟ್ಟಿಸುವವರು ದನಕ್ಕೂ ಪಡಸಾಲೆಗೂ ನಡುವೆ ಗೋಡೆಯಿಡುವುದು ಲೇಸು. ಕಂದು ಹಾಕುವ ರೋಗದಂಥ ಕೆಲವು ಬೇನೆಗಳು ದನದಿಂದ ಮನೆಮಂದಿಗೂ ತಗಲುತ್ತವೆ. ಆಕಳಿಗೆ ಸುಮಾರು 38, ಎಮ್ಮೆಗೆ 43, ಎಳಗರುವಿಗೆ 11 ಚದರ ಫೂಟು ನೆರಳಿನ ಸ್ಥಳವೂ, ಅದರ ಇಮ್ಮಡಿ ಬಯಲೂ ಬೇಕು. ಗೋದಲಿಯಲ್ಲಿ ದನವೊಂದಕ್ಕೆ ಎರಡರಿಂದ ಎರಡೂವರೆ ಫೂಟು ಉದ್ದ. ಕೊಟ್ಟಿಗೆಯ ಉದ್ದವು ಪೂರ್ವ-ಪಶ್ಚಿಮವಾಗಿದ್ದರೆ ಬಿಸಿಲು ಒಳಹೊಗುವುದು ಕಡಿಮೆ.

ಮಲಪ್ರಭೆಯ ದಂಡೆಯವರು ಇನ್ನೊಂದನ್ನು ಲಕ್ಷ್ಯದಲ್ಲಿಡಬೇಕು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಆಣೆಕಟ್ಟಿನಿಂದ ಹೆಚ್ಚಿನ ನೀರು ಬಿಟ್ಟಾಗ ರಾಮದುರ್ಗ ತಾಲೂಕಿನ ನದಿತೀರದ ಊರುಗಳಿಗೆ ಹೊಳೆ ಹೊಕ್ಕಿತು. ಗೂಟಕ್ಕೆ ಬಿಗಿದ ದನವು ಈಜಬಲ್ಲದಾದರೂ ಈಜಲಾರದು. ಮಳೆಗಾಲದಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಗಂಟನ್ನೇ ಹಾಕತಕ್ಕದ್ದು. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಬಹುದಿನ ತೊಯ್ದ ಮಣ್ಣಿನ ಗೋಡೆ ಉಬ್ಬಿ ಬಿರುಕು ಬಿಟ್ಟರೆ ಅದರ ಮಗ್ಗುಲಲ್ಲಿ ದನ ಕಟ್ಟಬಾರದು, ಜನರೂ ಮಲಗಬಾರದು. ಊರಿನ ಗೌಡರೂ ಹಿರಿಯರೂ ಮುಂಗಾರಿಗೆ ಮೊದಲೇ ದಿನ್ನೆಯ ಮೇಲೆ ಒಂದು ಸ್ಥಳವನ್ನು ಗೊತ್ತುಪಡಿಸಿ, ಅಲ್ಲಿ ಗೂಟಗಳನ್ನು ನೆಡಿಸಿ, ನಾಲ್ಕು ದಿನಗಳಿಗಾಗುವಷ್ಟು ಕಣಿಕೆಯ ಬಣವಿಯನ್ನು ಹಾಕಿಸತಕ್ಕದ್ದು.