ಗಾಣದ ಹಿಂಡಿಯಿಂದ ಡೀಸೆಲ್ ಬರ್ತದಾ? ಮುಂಗಡ ಕೊಡೋ ಮೊದಲು ಇದನ್ನ ಓದ್ರಿ

ಹೋದ ವಾರ ಒಂದೇ ವಿಡಿಯೋ ನನ್ನ ವಾಟ್ಸಾಪ್‌ಗೆ ನಾಲ್ಕು ಕಡೆಯಿಂದ ಬಂತು. ಸ್ಪೇನ್ ದೇಶದಲ್ಲಿ ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಕಾಯಿಸಿ 'ಬಯೋ-ಆಯಿಲ್' ಮಾಡೋದು. ಅದರ ಬೆನ್ನಿಗೇ ಒಂದು ಜಾಹೀರಾತು: ನಿಮ್ಮ ಶೇಂಗಾ, ಹೊಂಗೆ ಹಿಂಡಿಯಿಂದಲೂ ಡೀಸೆಲ್ ತೆಗೀರಿ! ಅಳ್ನಾವರದ ಗೆಳೆಯನೊಬ್ಬ ಯಂತ್ರಕ್ಕೆ ಮುಂಗಡ ಕೊಡೋಕೆ ತಯಾರಾಗಿ ಫೋನ್ ಮಾಡಿದ. "ತಡಿಯೋ ದೋಸ್ತ, ಮೊದಲು ಲೆಕ್ಕ ಹಾಕೋಣ" ಅಂದೆ.

ತಂತ್ರ ಸುಳ್ಳಲ್ಲ. ಹೆಸರು ಪೈರೋಲಿಸಿಸ್. ಗಾಳಿ ಆಡದ ಹಾಗೆ ಮುಚ್ಚಿ ಕಾಯಿಸಿದರೆ ಕಸ ಉರಿಯುವುದಿಲ್ಲ, ಒಡೆಯುತ್ತದೆ: ಇದ್ದಿಲು, ಹೊಗೆ, ಅನಿಲ. ಆ ಹೊಗೆಯನ್ನು ತಣ್ಣಗೆ ಮಾಡಿದರೆ ಸಿಗುವ ಕಪ್ಪು ದ್ರವವೇ ಬಯೋ-ಆಯಿಲ್. ನಿಧಾನ ಕಾಯಿಸಿದರೆ ಮೂರೂ ಹೆಚ್ಚುಕಡಿಮೆ ಸಮಪಾಲು. ಕಟ್ಟಿಗೆಯಂಥ ಕಸದಲ್ಲಿ ದ್ರವ ಶೇ 60-75ರಷ್ಟು ಬೇಕೆಂದರೆ ಪುಡಿ ಮಾಡಿ, ತೇವ ಶೇ 10ಕ್ಕಿಂತ ಕಡಿಮೆಗೆ ಒಣಗಿಸಿ, ಸುಮಾರು 500 ಡಿಗ್ರಿಗೆ ಕ್ಷಣದಲ್ಲಿ ಕಾಯಿಸಿ, ಹೊಗೆಯನ್ನು ಎರಡು ಸೆಕೆಂಡಿನೊಳಗೆ ತಣಿಸಬೇಕು. ಇದು ಕಾರ್ಖಾನೆ ಕೆಲಸ, ಬ್ಯಾರೆಲ್ ಕೆಲಸ ಅಲ್ಲ.

ಇನ್ನು ಬಂದ ದ್ರವ ಡೀಸೆಲ್ ಅಲ್ಲವೇ ಅಲ್ಲ. ಅದರೊಳಗೆ ಶೇ 15-30 ನೀರು. ಹುಳಿ ಹುಣಸೆಹಣ್ಣಿನ ರಸದಷ್ಟು, ಪಿಎಚ್ 2-3. ಕೆಜಿ ಲೆಕ್ಕದಲ್ಲಿ ಡೀಸೆಲ್‌ನ ಅರ್ಧದಷ್ಟೂ ಶಾಖ ಇಲ್ಲ. ಡೀಸೆಲ್ ಜೊತೆ ಬೆರೆಯೋದಿಲ್ಲ, ಮತ್ತೆ ಕಾಯಿಸಿದರೆ ಬೆಲ್ಲದ ಪಾಕದ ಹಾಗೆ ಗಟ್ಟಿ ಆಗ್ತದೆ. ಪಂಪ್‌ಸೆಟ್‌ಗೆ ಹಾಕಿದಿರಿ ಅಂದರೆ ನಾಜಲ್ ಹೋಯ್ತು. ದೊಡ್ಡ ಬಾಯ್ಲರ್‌ನಲ್ಲಿ ಉರಿಸಬಹುದು, ಅಷ್ಟೇ. ಹಾಸನ ಹತ್ತಿರದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿ.ವಿ.ಯ ಜೈವಿಕ ಇಂಧನ ಪಾರ್ಕ್ ಮಾಡುವ ಹೊಂಗೆ ಬಯೋಡೀಸೆಲ್ ಬೇರೆ. ಅದು ಹೊಂಗೆ *ಎಣ್ಣೆ*ಯಿಂದ ಆಗೋದು, ಹಿಂಡಿಯಿಂದ ಅಲ್ಲ. ಜಾಹೀರಾತಿನವರು ಎರಡನ್ನೂ ಒಂದೇ ಮಾಡ್ತಾರೆ.

ನಾನೂ ಎರಡು ವರ್ಷದ ಹಿಂದೆ ಬ್ಯಾರೆಲ್‌ಗೆ ಕಬ್ಬಿಣದ ಪೈಪ್ ಕೂಡಿಸಿ ಶೇಂಗಾ ಸಿಪ್ಪೆ ಕಾಯಿಸಿ ನೋಡಿದ್ದೆ. ಸುಮಾರು 20 ಕೆಜಿ ಹಿಡಿಯಿತು, ಆರು ಕೆಜಿ ಇದ್ದಿಲು ಬಂತು. ದ್ರವ ಬಕೆಟ್‌ನಲ್ಲಿ ಎರಡು ಪದರ ಆಯ್ತು: ಮೇಲೆ ಹುಳಿ ನೀರು, ತಳಕ್ಕೆ ಟಾರು. ವಾಸನೆ ಅಂಗಿಯಿಂದ ವಾರ ಹೋಗಲಿಲ್ಲ, ಮಳೆಗಾಲ ಮುಗಿಯೋದರೊಳಗೆ ಪೈಪ್ ತೂತು ಬಿತ್ತು.

ಹಾಗಾದರೆ ಸ್ಪೇನ್‌ನವರು ಯಾಕೆ ಮಾಡ್ತಾರೆ? ಅಲ್ಲಿನ ಆಲಿವ್ ಹಿಂಡಿ ಹಸಿ ಹಸಿ, ಅದರಲ್ಲಿ ಫಿನಾಲ್ ಜಾಸ್ತಿ. ಹಾಗೇ ಸುರಿದರೆ ಬೆಳೆಗೂ ಹಳ್ಳಕ್ಕೂ ಕೆಡುಕು. ಅವರಿಗೆ ಅದು ತಲೆನೋವು. ನಮಗೆ ಹಿಂಡಿ ಅಂದರೆ ದುಡ್ಡು! ಶೇಂಗಾ ಹಿಂಡಿ ಎಮ್ಮೆ ತಿಂತದೆ. ಹೊಂಗೆ ಹಿಂಡಿಯಲ್ಲಿ ಸುಮಾರು ಶೇ 4 ಸಾರಜನಕ ಇದೆ, ಅಂದರೆ ಒಂದು ಕ್ವಿಂಟಲ್‌ನಲ್ಲಿ ಹತ್ತಿರ ಒಂಬತ್ತು ಕೆಜಿ ಯೂರಿಯಾದಷ್ಟು. ಅದನ್ನು 500 ಡಿಗ್ರಿಗೆ ಕಾಯಿಸಿದರೆ ಆ ಸಾರಜನಕದ ದೊಡ್ಡ ಪಾಲು ಹೊಗೆಯಲ್ಲಿ ಹೋಗ್ತದೆ. ಸಾವಯವ ಮಾಡುವವ ಇದನ್ನ ಮಾಡಬಾರದು.

ಕಾಯಿಸಲೇಬೇಕಾ? ಹಿಂಡಿ ಬಿಡ್ರಿ, ಶೇಂಗಾ ಸಿಪ್ಪೆ, ಗೋವಿನಜೋಳದ ಬೆಂಡು ತಗೊಳ್ರಿ. ಎಣ್ಣೆಯ ಆಸೆ ಬಿಟ್ಟು ಇದ್ದಿಲಿಗಾಗಿ ಮಾಡ್ರಿ. ಇದ್ದಿಲನ್ನು ಪುಡಿ ಮಾಡಿ, ಗೋಮೂತ್ರ ಅಥವಾ ಜೀವಾಮೃತದಲ್ಲಿ ನೆನೆಸಿ, ತಿಪ್ಪೆಗೊಬ್ಬರದ ಜೊತೆ ಬೆರೆಸಿ ಹಾಕಬೇಕು. ಹಸಿ ಇದ್ದಿಲು ಹಾಗೇ ಹಾಕಿದರೆ ಮೊದಮೊದಲು ಅದೇ ಸಾರಜನಕ ಹಿಡಿದಿಟ್ಟುಕೊಳ್ಳುತ್ತದೆ. ಅಳ್ನಾವರ, ಕಲಘಟಗಿ ಕಡೆ ಮಳೆಗೆ ತೊಳೆದುಹೋದ ಹುಳಿ ಕೆಂಪು ಮಣ್ಣಿಗೆ ಇದು ಒಗ್ಗುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆಭೂಮಿ ಮೊದಲೇ ಕ್ಷಾರ, ಅಲ್ಲಿ ಮಣ್ಣು ಪರೀಕ್ಷೆ ಇಲ್ಲದೆ ಹಾಕಬೇಡ್ರಿ.

ಎರಡು ಎಚ್ಚರಿಕೆ ಮಾತ್ರ ಮರೀಬಾರದು. ಬ್ಯಾರೆಲ್‌ನ್ನು ಪೂರ್ತಿ ಬಿಗಿದು ಮುಚ್ಚಿದರೆ ಅನಿಲ ತುಂಬಿ ಸಿಡಿಯುತ್ತದೆ, ಹೊಗೆಗೆ ದಾರಿ ಇರಲೇಬೇಕು. ಕೊಟ್ಟಿಗೆಯಲ್ಲಿ, ಶೆಡ್‌ನೊಳಗೆ ಮಾಡಲೇಬೇಡ್ರಿ: ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮನುಷ್ಯ ಕೂತಲ್ಲೇ ಬೀಳ್ತಾನೆ.

ಯಂತ್ರದವರು ಮತ್ತೆ ಫೋನ್ ಮಾಡಿದರೆ ಒಂದೇ ಪ್ರಶ್ನೆ ಕೇಳ್ರಿ: "ನಮ್ಮ ಊರಿಗೆ ಬಂದು, ನಮ್ಮ ಹಿಂಡಿಯಿಂದ ತೆಗೆದ ಎಣ್ಣೆಯನ್ನ ನಿಮ್ಮದೇ ಎಂಜಿನ್‌ಗೆ ಹಾಕಿ ಒಂದು ತಾಸು ಓಡಿಸಿ ತೋರಿಸ್ತೀರಾ?" ನನ್ನ ಗೆಳೆಯ ಕೇಳಿದ. ಆ ಮೇಲೆ ಅವರ ಫೋನ್ ಬಂದಿಲ್ಲ.