ಕಡಲಾಚೆಯ ಸಾಲ, ಮೇಯರ್ ಮುಂದಿನ ಪ್ರಮಾಣ

ಹದಿನೆಂಟನೇ ಶತಮಾನದ ಅಟ್ಲಾಂಟಿಕ್ ವ್ಯಾಪಾರ ನಡೆದದ್ದೇ ನಂಬಿಕೆಯ ಮೇಲೆ ಎಂದು ಹೇಳುವುದುಂಟು. ಲಂಡನ್, ಬ್ರಿಸ್ಟಲ್, ಗ್ಲಾಸ್ಗೋಗಳ ವರ್ತಕರು ಮುಖ ಕಾಣದ ವರ್ಜೀನಿಯಾ ತಂಬಾಕು ಬೆಳೆಗಾರರಿಗೆ ಬಟ್ಟೆಬರೆ, ಕಬ್ಬಿಣದ ಸಾಮಾನು ಕಡ ಕೊಡುತ್ತಿದ್ದರು. ಕಾಗದ ತಲುಪಲು ವಾರಗಟ್ಟಲೆ ಬೇಕು, ಬೆಳೆ ಹಡಗೇರಿದರಷ್ಟೇ ಹಣ. ಮಾತಿಗೆ ಬೆಲೆ ಇತ್ತು, ನಿಜ. ಆದರೆ ಅಷ್ಟು ದೂರಕ್ಕೆ ಸಾಲ ಕೊಡುವ ಧೈರ್ಯ ಬಂದದ್ದು ಬರೀ ಮಾತಿನಿಂದಲ್ಲ. 1732ರಲ್ಲಿ ಬ್ರಿಟಿಷ್ ಸಂಸತ್ತು ವಸಾಹತುಗಳ ಸಾಲ ವಸೂಲಿಗೆಂದೇ ಕಾಯ್ದೆ ಮಾಡಿತು. ವರ್ತಕ ತನ್ನೂರಿನ ಮೇಯರ್ ಮುಂದೆ ಪ್ರಮಾಣ ಮಾಡಿ, ಬಾಕಿಯ ಲೆಕ್ಕ ಬರೆದುಕೊಟ್ಟು, ಊರಿನ ಮೊಹರು ಒತ್ತಿಸಿ ಹಡಗಿನಲ್ಲಿ ಕಳಿಸಿದರೆ ಸಾಕು. ಕಟಕಟೆಯಲ್ಲಿ ನಿಂತು ನುಡಿದ ಸಾಕ್ಷಿಗೆ ಇರುವಷ್ಟೇ ಬೆಲೆಯನ್ನು ಅಮೆರಿಕದ ನ್ಯಾಯಾಲಯ ಆ ಕಾಗದಕ್ಕೆ ಕೊಡಬೇಕಿತ್ತು. ಮುಖ್ತಿಯಾರ್ ಪತ್ರ ಹಿಡಿದ ಏಜೆಂಟ್ ಅಲ್ಲಿ ದಾವೆ ಹೂಡುತ್ತಿದ್ದ. ಅಡಮಾನವಿಲ್ಲದ ಸಾಲಕ್ಕೆ ಇಂಗ್ಲೆಂಡಿನ ಜಮೀನುದಾರನ ಭೂಮಿ ಸಾಮಾನ್ಯವಾಗಿ ಮಾರಾಟಕ್ಕೆ ಬರುತ್ತಿರಲಿಲ್ಲ. ವಸಾಹತುಗಳಲ್ಲಿ ಮಾತ್ರ ಭೂಮಿ, ಮನೆ, ಅವುಗಳ ಜೊತೆಗೆ ಗುಲಾಮರನ್ನೂ ಜಪ್ತಿ ಮಾಡಿ ಮಾರಬಹುದೆಂದು ಅದೇ ಕಾಯ್ದೆ ಹೇಳಿತು.

ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತಿದ್ದವು, ಕೌಂಟಿ ನ್ಯಾಯಪೀಠದಲ್ಲಿ ಕೂತವರೇ ಎಷ್ಟೋ ಸಲ ಸಾಲಗಾರ ಬೆಳೆಗಾರರು, ಹಾಗಾಗಿ ವರ್ತಕರಿಗೆ ನಂಟಸ್ತಿಕೆ ಮತ್ತು ಹೆಸರೇ ಗತಿಯಾಗಿತ್ತು ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕಲಾಗದು. ಆದರೂ 1774ರಲ್ಲಿ ವರ್ಜೀನಿಯಾದ ನ್ಯಾಯಾಲಯಗಳು ಸಾಲದ ದಾವೆಗಳಿಗೆ ಬಾಗಿಲು ಹಾಕಿದಾಗ ಏನಾಯಿತು ನೋಡಿ. ಪರಿಚಯ, ನಂಟಸ್ತಿಕೆ, ಲೆಕ್ಕದ ಪುಸ್ತಕ ಎಲ್ಲವೂ ಇದ್ದಂತೆಯೇ ಇದ್ದವು, ವಸೂಲಿ ನಿಂತುಹೋಯಿತು. ಆಮೇಲೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂತು. ಬಾಕಿಗೆ ಅಡ್ಡಿಯಿರಕೂಡದೆಂದು 1783ರ ಪ್ಯಾರಿಸ್ ಒಪ್ಪಂದದ ನಾಲ್ಕನೇ ವಿಧಿ ಹೇಳಿದರೂ ವರ್ಜೀನಿಯಾ ಬಗ್ಗಲಿಲ್ಲ. ರಾಜ್ಯದ ಕಾನೂನಿಗಿಂತ ಒಪ್ಪಂದವೇ ಮೇಲೆಂದು ಅಮೆರಿಕದ ಸುಪ್ರೀಂ ಕೋರ್ಟ್ ವೇರ್ ವಿರುದ್ಧ ಹಿಲ್ಟನ್ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು 1796ರಲ್ಲಿ. ಕೊನೆಗೆ 1802ರಲ್ಲಿ ಅಮೆರಿಕ ಸರ್ಕಾರವೇ 6 ಲಕ್ಷ ಪೌಂಡ್ ಕೊಡಲು ಒಪ್ಪಿತು.

ಈ ಕಾನೂನಿನ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ವರ್ತಕರ ಚರಿತ್ರೆ ಸಾಕಷ್ಟು ಕೇಳಿಲ್ಲ. ಬ್ರಿಸ್ಟಲ್ಲಿನ ಫ್ಯಾರೆಲ್ ಮತ್ತು ಜೋನ್ಸ್ ಸಂಸ್ಥೆಯ ಪರವಾಗಿ ವರ್ಜೀನಿಯಾದಲ್ಲಿ ಬಾಕಿ ವಸೂಲಿ ಮಾಡುತ್ತಿದ್ದ ಜಾನ್ ವೇಲ್ಸ್, 1773ರಲ್ಲಿ ಸಾಯುವಾಗ ಅದೇ ಸಂಸ್ಥೆಗೆ ದೊಡ್ಡ ಮೊತ್ತ ಉಳಿಸಿಕೊಂಡಿದ್ದ. ಆಸ್ತಿಯ ಜೊತೆಗೆ ಆ ಸಾಲವೂ ಅಳಿಯ ಥಾಮಸ್ ಜೆಫರ್ಸನ್ನರ ಪಾಲಿಗೆ ಬಂತು. ಅದನ್ನು ತೀರಿಸಲು ಅವರು ಮೊದಲು ಭೂಮಿ ಮಾರಿದರು, ಸಾಲದಾದಾಗ ತಮ್ಮ ಗುಲಾಮರನ್ನು ಮಾರಿದರು. 1732ರ ಕಾಯ್ದೆಯಿಂದ ಗುಲಾಮರ ಜಪ್ತಿಯ ಮಾತನ್ನು ಸಂಸತ್ತು 1797ರಲ್ಲಿ ತೆಗೆದುಹಾಕಿತು. ಆ ಹೊತ್ತಿಗೆ ವರ್ಜೀನಿಯಾ ಬ್ರಿಟನ್ನಿನ ಕೈಯಲ್ಲಿರಲಿಲ್ಲ.